ಹೆಂಡತಿಗೊಂದು ಪುಟ್ಟ ಕಾರು: ಟೇಪು ಹಿಡಿದು ಆರಿಸಿದ ಅನುಭವ

ಕಾರು ಓಡಿಸುವವಳು ಅವಳು. ಹಾಗಾಗಿ ಮೊದಲು ಅಳೆದದ್ದು ಶೋರೂಮಿನ ಗಾಡಿಯನ್ನಲ್ಲ, ಅವಳು ಕೂರುವ ರೀತಿ ಮತ್ತು ನಮ್ಮ ಬೇಸ್‌ಮೆಂಟಿನ ಪಾರ್ಕಿಂಗ್ ಜಾಗ. ದಿನಕ್ಕೆ ಹೋಗಿಬರಲು 28 ಕಿ.ಮೀ. ಬೆಂಗಳೂರು ಟ್ರಾಫಿಕ್, ಹಿಂದಿನ ಸೀಟಿನಲ್ಲಿ ಮಗು, ತಿಂಗಳಿಗೆರಡು ಸಲ ಮಂಡ್ಯದ ಕಡೆಗೆ. ಇಷ್ಟು ಬರೆದಿಟ್ಟುಕೊಂಡ ಮೇಲೆ ಪಟ್ಟಿಯಲ್ಲಿ ಉಳಿದದ್ದು ಮೂರು: ಸೆಕೆಂಡ್ ಹ್ಯಾಂಡ್ ಮಾರುತಿ ಇಗ್ನಿಸ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ತಾನೇ ಗೇರ್ ಬದಲಿಸುವ ಗಾಡಿ), ಎಂಜಿ ಕಂಪನಿಯ ವಿದ್ಯುತ್ ಕಾರು ಕಾಮೆಟ್ ಇವಿ, ಟಾಟಾ ಪಂಚ್ ಎಎಂಟಿ. ಅವಳ ಮನಸ್ಸಿದ್ದದ್ದು ಇಗ್ನಿಸ್ ಮೇಲೆ. ಆ ಆಕಾರ, ಹಿಂದಿನ ಕಿಟಕಿಯ ಪಕ್ಕದ ಕಂಬದ ಮೇಲಿನ ಮೂರು ಗೀರು, ದೊಡ್ಡ ಕಣ್ಣಿನಂಥ ಹೆಡ್‌ಲೈಟು, ನನಗೂ ಇಷ್ಟವೇ.

ನಮ್ಮ ಜಾಗದಲ್ಲಿ ಕಂಬದಿಂದ ಕಂಬಕ್ಕೆ 2.3 ಮೀಟರ್. ಕಾಮೆಟ್ ಅಗಲ 1,505 ಮಿ.ಮೀ., ಇಗ್ನಿಸ್ 1,690, ಪಂಚ್ 1,742. ಕನ್ನಡಿ ಮಡಚಿ, ಎಡಗಡೆ 15 ಸೆಂ.ಮೀ. ಬಿಟ್ಟು ಒತ್ತಿ ನಿಲ್ಲಿಸಿದರೆ ಡ್ರೈವರ್ ಕಡೆ ಕಾಮೆಟ್‌ಗೆ ಸುಮಾರು 64 ಸೆಂ.ಮೀ. ಉಳಿಯುತ್ತದೆ, ಇಗ್ನಿಸ್‌ಗೆ 46, ಪಂಚ್‌ಗೆ 41. ಕಾಗದದ ಮೇಲೆ ಕಾಮೆಟ್ ಗೆದ್ದಂತೆ ಕಾಣುತ್ತದೆ. ಆದರೆ ಅದಕ್ಕಿರುವುದು ಎರಡೇ ಬಾಗಿಲು, ಎರಡೂ ಉದ್ದ. ಹತ್ತಿಳಿಯಲು ಅಷ್ಟೇ ಸಂದು ಸಿಗಬೇಕಾದರೆ ಉದ್ದ ಬಾಗಿಲು ಹೆಚ್ಚು ಹೊರಗೆ ಚಾಚುತ್ತದೆ. ಇನ್ನು ಮಗುವನ್ನು ಹಿಂದಿನ ಸೀಟಿಗೆ ಕೂರಿಸಲು ಮುಂದಿನ ಸೀಟು ಬಗ್ಗಿಸಿ ನುಗ್ಗಬೇಕು. ಆದ್ದರಿಂದ ಅಗಲ ಒಂದನ್ನೇ ನೋಡಬೇಡಿ. ಕಂಬ ಬಾಗಿಲಿನ ಯಾವ ಭಾಗಕ್ಕೆ ಎದುರಾಗುತ್ತದೆ ಎಂಬುದು ಮುಖ್ಯ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರೂ ಗಾಡಿಗಳ ಚೌಕ ಬರೆದೆ. ಬಾಗಿಲಿನ ಉದ್ದವನ್ನು ಶೋರೂಮಿನಲ್ಲಿ ಅಳೆದು ತಂದು ಅದಕ್ಕೆ ಸರಿಯಾಗಿ ರಟ್ಟು ಕತ್ತರಿಸಿ ತಿರುಗಿಸಿ ನೋಡಿದೆ. ಪಂಚ್ ಅನ್ನು 30 ಸೆಂ.ಮೀ. ಹಿಂದಕ್ಕೆ ನಿಲ್ಲಿಸಿದರೆ ಕಂಬ ಮುಂದಿನ ಚಕ್ರದ ಪಕ್ಕಕ್ಕೆ ಬೀಳುತ್ತದೆ, ಬಾಗಿಲು ಪೂರ್ತಿ ತೆರೆಯುತ್ತದೆ. 41 ಸೆಂ.ಮೀ. ಎಂಬ ಹೆದರಿಕೆ ಅಲ್ಲಿಗೆ ಹೋಯಿತು.

ಕಾಮೆಟ್ ಕೈಬಿಡಲು ಇನ್ನೊಂದು ಲೆಕ್ಕವಿತ್ತು. ಬ್ಯಾಟರಿ 17.3 ಕಿಲೋವ್ಯಾಟ್ ಅವರ್, ಕಂಪನಿ ಹೇಳುವ ದೂರ 230 ಕಿ.ಮೀ. ನಾನು ಯಾವ ಇವಿಗಾದರೂ ಹೇಳಿದ್ದರ 70 ಶೇಕಡಾ ಮಾತ್ರ ನಂಬುತ್ತೇನೆ, ಅಂದರೆ 160. ನಗರಕ್ಕೆ ಅದು ಬೇಕಾದಷ್ಟಾಯಿತು. 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಪೂರ್ತಿ ತುಂಬಲು ಏಳು ಗಂಟೆ, ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಸಿದ್ಧ. ಆದರೆ ಮಂಡ್ಯಕ್ಕೆ ಹೋಗಿಬರಲು 200 ಕಿ.ಮೀ. ಬೇಕು, ಡಿಸಿ ಫಾಸ್ಟ್ ಚಾರ್ಜಿಂಗ್ ಅದಕ್ಕಿಲ್ಲ. ಮನೆಯಲ್ಲಿ ಇನ್ನೊಂದು ದೊಡ್ಡ ಗಾಡಿ ಇದ್ದು, ಪಾರ್ಕಿಂಗಿನಲ್ಲಿ ಸ್ವಂತ ಪಾಯಿಂಟ್ ಇರುವವರಿಗೆ ಅದು ನಿಜಕ್ಕೂ ಚೆಂದದ ಕಾರು.

ಟೆಸ್ಟ್ ಡ್ರೈವ್‌ಗೆ ಮುಂಚೆ ಗಾಡಿ ನಿಂತಲ್ಲೇ ಹತ್ತು ನಿಮಿಷ ಅವಳನ್ನು ಕೂರಿಸಿ ನೋಡಿದೆ. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಅದೇ ಭಂಗಿಯಲ್ಲಿ ಎದೆಗೂ ಸ್ಟೀರಿಂಗ್ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಇರಬೇಕು, ಇಲ್ಲದಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅದರಿಂದಲೇ ಪೆಟ್ಟಾಗಬಹುದು. ಎತ್ತರ ಕಡಿಮೆ ಇರುವವರಿಗೆ ಎರಡೂ ಒಟ್ಟಿಗೆ ಹೊಂದುವುದೇ ಕಷ್ಟ. ಈ ದರದ ಗಾಡಿಗಳಲ್ಲಿ ಸ್ಟೀರಿಂಗ್ ಮೇಲೆ ಕೆಳಗೆ ಆಡುತ್ತದೆ, ಹಿಂದೆ ಮುಂದೆ ಆಡುವುದು ಅಪರೂಪ. ಹಾಗಾಗಿ ಸೀಟಿನ ಎತ್ತರ ಹೊಂದಿಸುವ ವ್ಯವಸ್ಥೆ ಇರಲೇಬೇಕು. ಕೆಳಗಿನ ವೇರಿಯಂಟ್‌ಗಳಲ್ಲಿ ಮೊದಲು ಕತ್ತರಿ ಬೀಳುವುದೇ ಅದಕ್ಕೆ. ದಿಂಬು ಹಾಕಿಕೊಂಡು ಓಡಿಸುವುದು ಪರಿಹಾರವಲ್ಲ, ಡಿಕ್ಕಿಯಾದರೆ ದಿಂಬು ಜಾರಿ ಬೆಲ್ಟ್ ಹೊಟ್ಟೆಯ ಮೇಲಕ್ಕೆ ಹತ್ತುತ್ತದೆ.

ಎಎಂಟಿ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿ ಒಪ್ಪಿಕೊಳ್ಳಬೇಡಿ. ಅದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದನ್ನೂ ಗೇರ್ ಬದಲಿಸುವುದನ್ನೂ ನಮ್ಮ ಬದಲು ಯಂತ್ರ ಮಾಡುತ್ತದೆ, ಅಷ್ಟೇ. ಬೇಸ್‌ಮೆಂಟ್ ರ‍್ಯಾಂಪಿನ ನಡುವೆ ನಿಲ್ಲಿಸಿ ಬ್ರೇಕಿನಿಂದ ಕಾಲು ತೆಗೆದರೆ ಕ್ಲಚ್ ಹಿಡಿಯುವ ಮುಂಚೆ ಗಾಡಿ ಹಿಂದಕ್ಕೆ ಜಾರುತ್ತದೆ. ಹೆದರಿ ಆಕ್ಸಿಲರೇಟರಿನಲ್ಲೇ ಹಿಡಿದು ನಿಲ್ಲಿಸಿದರೆ ಕ್ಲಚ್ ಅರೆಬರೆ ಹಿಡಿದುಕೊಂಡೇ ಉಜ್ಜುತ್ತದೆ, ಸುಟ್ಟ ವಾಸನೆ ಬರುತ್ತದೆ, ಹೀಗೇ ನಡೆದರೆ ಕ್ಲಚ್ ಬೇಗ ಸವೆಯುತ್ತದೆ. ಸರಿಯಾದ ಕ್ರಮ ಹೀಗೆ: ಹ್ಯಾಂಡ್‌ಬ್ರೇಕ್ ಎಳೆದಿಡಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಮೂತಿ ಸ್ವಲ್ಪ ಎದ್ದ ಹಾಗನ್ನಿಸಿದಾಗ ಹ್ಯಾಂಡ್‌ಬ್ರೇಕ್ ಬಿಡಿ. ಅವಳು ಆರು ಸಲ ಮಾಡಿದಳು, ನಾಲ್ಕನೆಯದರಿಂದ ಒಂದಿಂಚೂ ಜಾರಲಿಲ್ಲ. ಏರಿನಲ್ಲಿ ಬ್ರೇಕನ್ನು ಕೆಲವು ಕ್ಷಣ ತಾನೇ ಹಿಡಿದಿಡುವ ಹಿಲ್ ಹೋಲ್ಡ್ ಇದ್ದರೆ ಈ ಕಸರತ್ತು ಬೇಡ. ಇದೆಯೇ ಎಂದು ವೇರಿಯಂಟಿನ ಹೆಸರು ಹಿಡಿದು ಕೇಳಿ.

ಇಗ್ನಿಸ್ ಈ ಪರೀಕ್ಷೆಗಳಲ್ಲೆಲ್ಲ ಚೆನ್ನಾಗಿಯೇ ನಿಂತಿತು. 4.7 ಮೀಟರ್ ಟರ್ನಿಂಗ್ ರೇಡಿಯಸ್, ನಾಲ್ಕು ಸಿಲಿಂಡರಿನ ನಯವಾದ ಎಂಜಿನ್. ಗಾಡಿಯ ಹಿಂಬದಿಯ ದಪ್ಪ ಕಂಬ ನೋಟಕ್ಕೆ ಅಡ್ಡ ಬರುತ್ತದೆ, ಅದಕ್ಕೆ ಕ್ಯಾಮೆರಾ ಹಾಕಿಸಬಹುದಿತ್ತು. ನೋಡಿದ ಗಾಡಿಯಲ್ಲಿ ಟೈರಿನ ಪಕ್ಕದ ನಾಲ್ಕಂಕಿ ಓದಿದೆ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಮೂರು ಟೈರು ಗಾಡಿಯಷ್ಟೇ ಹಳೆಯವು, ಬಲ ಮುಂದಿನದು ಮಾತ್ರ ಎರಡು ವರ್ಷ ಹೊಸದು. ಅದೇ ಕಡೆಯ ಫೆಂಡರಿನ (ಚಕ್ರದ ಮೇಲಿನ ತಗಡಿನ) ಬೋಲ್ಟ್‌ಗಳಲ್ಲಿ ಸ್ಪ್ಯಾನರ್ ಬಿದ್ದ ಗುರುತು, ಬಣ್ಣ ಕಿತ್ತಿತ್ತು. ಆ ಕಡೆ ಪೆಟ್ಟು ಬಿದ್ದು ರಿಪೇರಿಯಾಗಿರಬಹುದು ಎಂಬ ಸುಳಿವು ಅದು. ಮಾರುವವರು ಒಂದು ಗೀರೂ ಬಿದ್ದಿಲ್ಲ ಎಂದಿದ್ದರು.

ಆದರೆ ಬಿಟ್ಟದ್ದು ಆ ಒಂದು ಗಾಡಿಯನ್ನಲ್ಲ, ಇಗ್ನಿಸ್ ಮಾದರಿಯನ್ನೇ. ಕಾರುಗಳಿಗೆ ಡಿಕ್ಕಿ ಪರೀಕ್ಷೆ ಮಾಡಿ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಇಗ್ನಿಸ್‌ಗೆ ದೊಡ್ಡವರ ರಕ್ಷಣೆಗೆ ಒಂದು ಸ್ಟಾರ್, ಮಕ್ಕಳ ರಕ್ಷಣೆಗೆ ಸೊನ್ನೆ. 2021ರಲ್ಲಿ ಪಂಚ್‌ಗೆ ದೊಡ್ಡವರಿಗೆ ಐದು, ಮಕ್ಕಳಿಗೆ ನಾಲ್ಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ನಿಜ, 2022ರ ಜುಲೈನಿಂದ ಪರೀಕ್ಷೆಯ ನಿಯಮಗಳು ಬಿಗಿಯಾದವು. ಆದರೂ ಹಿಂದೆ ಮಗು ಕೂರುವ ಗಾಡಿಗೆ ಆ ಸೊನ್ನೆಯನ್ನು ನಾನು ಒಪ್ಪಲಾರೆ. ಎರಡೂ ಫಲಿತಾಂಶವನ್ನು ಅವಳ ಮುಂದಿಟ್ಟೆ. ರಾತ್ರಿ ಓದಿ, ಬೆಳಿಗ್ಗೆ ಪಂಚ್ ಅಂದಳು.

ಗಾಡಿ ಅವಳ ಹೆಸರಿಗೇ ಆಯಿತು. ಇದನ್ನು ಗುಟ್ಟಾಗಿ ಮಾಡಲು ಬರುವುದಿಲ್ಲ, ನೋಂದಣಿಗೆ ಅವಳ ಆಧಾರ್, ಪ್ಯಾನ್, ಸಹಿ ಬೇಕು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 14 ಶೇಕಡಾ, ಆ ತೆರಿಗೆಯ ಮೇಲೆ ಮತ್ತೆ 11 ಶೇಕಡಾ ಸೆಸ್. ಎಂಟು ಲಕ್ಷದ ಗಾಡಿಗೆ ಹತ್ತಿರ ಹತ್ತಿರ 1.24 ಲಕ್ಷ. ಹತ್ತು ಲಕ್ಷ ದಾಟಿದರೆ ದರ 17ಕ್ಕೆ ಏರುತ್ತದೆ, ಆದ್ದರಿಂದ ಗಡಿಯ ಹತ್ತಿರವಿರುವ ವೇರಿಯಂಟ್ ಆರಿಸುವಾಗ ಎರಡು ಸಲ ಲೆಕ್ಕ ಹಾಕಿ. ಇನ್ಶೂರೆನ್ಸಿನಲ್ಲಿ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಸೇರುವುದು ಮಾಲೀಕರಿಗೆ, ಗಾಡಿಗಲ್ಲ. ನನ್ನ ಹಳೆಯ ಕಾರಿನ ಬೋನಸ್ ಅವಳ ಹೆಸರಿನ ಪಾಲಿಸಿಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಗೆ ಅವಳದ್ದೇ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅವಧಿ ನೋಡಿಕೊಳ್ಳಿ.

ಗಾಡಿ ಮನೆಗೆ ಬರುವ ಹಿಂದಿನ ದಿನ ಕಂಬಕ್ಕೆ ಬಾಗಿಲಿನ ಅಂಚು ತಾಗುವ ಎತ್ತರದಲ್ಲಿ ಎರಡು ಅಡಿ ಉದ್ದದ ಫೋಮ್ ಪಟ್ಟಿ ಅಂಟಿಸಿದೆ. ನೆಲದ ಮೇಲೆ ಹಿಂದಿನ ಚಕ್ರ ನಿಲ್ಲಬೇಕಾದ ಕಡೆ ಹಳದಿ ಗೆರೆ ಎಳೆದೆ.