ಎಲೆಕ್ಷನ್ ಹೊತ್ತಿನಲ್ಲಿ ಪ್ರಾರ್ಥನಾ ಕೂಟ ಒಡೆಯದಂತೆ ನಡೆಸುವುದು ಹೇಗೆ

ನಮ್ಮ ಮನೆ ಬೆಳಗಾವಿ ಕ್ಯಾಂಪಿನಲ್ಲಿದೆ. ಪ್ರತಿ ಶುಕ್ರವಾರ ಸಂಜೆ ಏಳಕ್ಕೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಸತ್ಯವೇದದ, ಅಂದರೆ ಬೈಬಲ್‌ನ, ಒಂದು ಅಧ್ಯಾಯ ಓದಿ, ಪ್ರಾರ್ಥಿಸಿ, ಚಹಾ ಕುಡಿದು ಏಳುತ್ತೇವೆ. 2018ರ ವಿಧಾನಸಭೆ ಚುನಾವಣೆ ಹೊತ್ತಿಗೆ ಈ ಕೂಟ ಒಡೆಯಿತು. ಕಾರಣ ನಾನೇ. ಒಬ್ಬ ಅಭ್ಯರ್ಥಿಯ ಬಗ್ಗೆ ಬಂದ ವಾಟ್ಸಾಪ್ ಮೆಸೇಜನ್ನು ಪೂರ್ತಿ ಓದದೆ ಗುಂಪಿಗೆ ಕಳಿಸಿದೆ. ಅದು ಸುಳ್ಳು. ಆ ಅಭ್ಯರ್ಥಿಗಾಗಿ ಓಡಾಡುತ್ತಿದ್ದ ಹುಡುಗ ನಮ್ಮ ಕೂಟದಲ್ಲೇ ಇದ್ದ. ಮುಂದಿನ ಶುಕ್ರವಾರ ಐದೇ ಜನ ಬಂದರು.

2023ರ ಚುನಾವಣೆಗೆ ಮುಂಚೆ ಬೇರೆ ರೀತಿ ಮಾಡಿದೆವು. ಒಬ್ಬರೂ ಬಿಟ್ಟು ಹೋಗಲಿಲ್ಲ. ನಿಮ್ಮ ಊರಿನಲ್ಲೂ ಮಾಡಿ ನೋಡಿ.

ಮೊದಲಿಗೆ, ಕೂಟ ಮನೆಯಲ್ಲೇ ಇರಲಿ, ಚರ್ಚಿನಲ್ಲಿ ಬೇಡ. ಯಾರಿಗೆ ಓಟು ಹಾಕಬೇಕು ಅಂತ ಯಾರೂ ಹೇಳಬಾರದು. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ನಡತೆ. ಪ್ರಚಾರಕ್ಕೆ ಓಡಾಡುವವರು ಕೂಟಕ್ಕೆ ಬರಲಿ, ಆದರೆ ಕೂಟ ನಡೆಸುವುದು ಬೇಡ. ನಮ್ಮಲ್ಲಿ ಮರಾಠಿ ಮನೆಗಳೂ ಇವೆ. ಅದಕ್ಕೇ ಬೈಬಲ್ ವಚನವನ್ನು ಕನ್ನಡದಲ್ಲಿ ಒಬ್ಬರು, ಮರಾಠಿಯಲ್ಲಿ ಒಬ್ಬರು ಓದುತ್ತಾರೆ. ಗಡಿಯ ಊರಿನಲ್ಲಿ ಇದನ್ನು ಮರೆತರೆ ಅರ್ಧ ಜನ ಮೊದಲ ದಿನವೇ ಬೇಸರ ಮಾಡಿಕೊಳ್ಳುತ್ತಾರೆ.

ಇನ್ನು ಮುಖ್ಯ ವಿಷಯ. ಎಲೆಕ್ಷನ್ ಮಾತನ್ನು ಎಲೆಕ್ಷನ್‌ನಿಂದ ಶುರು ಮಾಡಬೇಡಿ. ದೂರದ ಒಂದು ಕಥೆಯಿಂದ ಶುರು ಮಾಡಿ. ಇದು ನನ್ನ ಉಪಾಯ ಅಲ್ಲ, ಪ್ರವಾದಿ ನಾತಾನನದು. ಎರಡನೆಯ ಸಮುವೇಲ 12ನೇ ಅಧ್ಯಾಯ ತೆಗೆಯಿರಿ. ಅರಸ ದಾವೀದನು ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ್ದಾನೆ. ನಾತಾನ ನೇರವಾಗಿ ಬೈಯುವುದಿಲ್ಲ. ಒಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳುತ್ತಾನೆ. ದಾವೀದ ಸಿಟ್ಟಿನಿಂದ ತೀರ್ಪು ಕೊಡುತ್ತಾನೆ. ಆಮೇಲೆ ನಾತಾನ ಹೇಳುತ್ತಾನೆ, ಆ ಮನುಷ್ಯ ನೀನೇ ಅಂತ. ಬೇರೆಯವರ ಕಥೆಯಲ್ಲಿ ನ್ಯಾಯ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಆ ತಕ್ಕಡಿ ಕೈಯಲ್ಲಿರುವಾಗಲೇ ನಮ್ಮ ಕಡೆಯನ್ನು ತೂಗಬೇಕು.

ನಾವು ಆರಿಸಿಕೊಂಡ ದೂರದ ಕಥೆ ಗಾಲ್ಫ್. ಒಬ್ಬ ತಂಗಿ ಕೇಳಿಯೇ ಬಿಟ್ಟಳು, “ಅಲ್ರೀ ಕಾಕಾ, ಬೈಬಲ್‌ಗೂ ಗಾಲ್ಫಿಗೂ ಏನ್ ಸಂಬಂಧ್ರೀ?”

ಬೆಳಗಾವಿಯಲ್ಲಿ ಗಾಲ್ಫ್ ಮೈದಾನ ಅಂದರೆ ಎಲ್ಲರಿಗೂ 2022ರ ಆಗಸ್ಟ್ ನೆನಪಾಗುತ್ತದೆ. ಚಿರತೆ ಹೊಕ್ಕಿತ್ತು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟಿದ್ದರು, ಹುಡುಕಲು ಸಕ್ರೆಬೈಲಿನಿಂದ ಆನೆ ತಂದಿದ್ದರು. ನನಗೆ ಮಾತ್ರ ಅಪ್ಪ ನೆನಪಾಗುತ್ತಾರೆ. ಅವರು ಅಲ್ಲಿ ಮಿಲಿಟರಿ ಸಾಹೇಬರ ಬ್ಯಾಗು ಹೊರುವ ಕ್ಯಾಡಿ ಆಗಿದ್ದರು. “ಈ ಆಟಕ್ಕ ಅಂಪೈರ್ ಬೆನ್ನ ಹಿಂದ ನಿಂದರೂದಿಲ್ಲೋ ತಮ್ಮಾ,” ಅನ್ನುತ್ತಿದ್ದರು. “ಚೆಂಡು ಅಲಗ್ಯಾಡಿದ್ದು ಆಡಾವನಿಗೇ ಗೊತ್ತು, ದೇವರಿಗೇ ಗೊತ್ತು.” ಇವತ್ತಿಗೂ ದೊಡ್ಡ ಪಂದ್ಯಗಳಲ್ಲಿ ಹಾಗೆಯೇ. ರೆಫರಿಗಳು ಇರುತ್ತಾರೆ, ಆದರೆ ತಪ್ಪಾದರೆ ಆಟಗಾರ ತಾನೇ ಹೇಳಬೇಕು.

ಮೊದಲ ಶುಕ್ರವಾರ ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಕಥೆ ಹೇಳಿದೆ. 1925ರ ಯುಎಸ್ ಓಪನ್ ಗಾಲ್ಫ್ ಪಂದ್ಯ. ಅವನು ಹೊಡೆಯಲು ನಿಂತಾಗ ಹುಲ್ಲಿನಲ್ಲಿದ್ದ ಚೆಂಡು ಚೂರು ಅಲುಗಾಡಿತು. ಬೇರೆ ಯಾರೂ ನೋಡಲಿಲ್ಲ. ಅಧಿಕಾರಿಗಳು ತೀರ್ಮಾನ ಅವನಿಗೇ ಬಿಟ್ಟರು. ಅವನು ತನ್ನ ಮೇಲೆ ತಾನೇ ಒಂದು ಸ್ಟ್ರೋಕ್, ಅಂದರೆ ಒಂದು ಹೊಡೆತ, ದಂಡ ಹಾಕಿಕೊಂಡ. ಗಾಲ್ಫಿನಲ್ಲಿ ಕಡಿಮೆ ಹೊಡೆತದವನೇ ಗೆಲ್ಲುವುದು. ಕೊನೆಗೆ ಪಂದ್ಯ ಸಮ ಆಯಿತು, ಸಮವಾದವರು ಮತ್ತೆ ಆಡುವ ಪ್ಲೇಆಫ್‌ನಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತ. ಆ ಒಂದು ಸ್ಟ್ರೋಕ್ ಮುಚ್ಚಿಟ್ಟಿದ್ದರೆ ಕಪ್ ಅವನದೇ ಆಗುತ್ತಿತ್ತು, ಅಲ್ವಾ?

ಆಮೇಲೆ ಸತ್ಯವೇದದ ಕೀರ್ತನೆ 15 ಓದಿದೆವು. ಕರ್ತನ ಗುಡಾರದಲ್ಲಿ ಇರತಕ್ಕವನು ಯಾರು ಅಂತ ಆ ಕೀರ್ತನೆ ಕೇಳುತ್ತದೆ. ತನಗೆ ನಷ್ಟವಾದರೂ ಮಾತು ತಪ್ಪದವನು ಅಂತ ಅದರ ಉತ್ತರಗಳಲ್ಲಿ ಒಂದು. ಜೋನ್ಸ್ ಮಾಡಿದ್ದು ಸರಿ ಅಂತ ಎಲ್ಲರೂ ಒಪ್ಪಿದರು. ಆಗ ಕೇಳಿದೆ: ಈ ತಿಂಗಳು ನಿಮ್ಮ ಪಕ್ಷದ ಚೆಂಡು ಎಲ್ಲಿ ಅಲುಗಾಡಿತು? ಎದುರಿನವರದ್ದಲ್ಲ, ನಿಮ್ಮದು.

ಇದನ್ನು ಬಾಯಲ್ಲಿ ಹೇಳಿಸಬೇಡಿ, ಜಗಳ ಆಗುತ್ತದೆ. ಚೀಟಿಯಲ್ಲಿ ಬರೆಸಿ. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಭಾಗ ಮಾಡಿದರೆ ಸಾಕು. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ಕೇಳಿದ್ದು ಬೇಡ. ಸ್ಟ್ರೋಕ್ ಲೆಕ್ಕದ ಗಾಲ್ಫಿನಲ್ಲಿ ನಿಮ್ಮ ಸ್ಕೋರ್‌ಕಾರ್ಡ್ ಜೊತೆಗಿರುವ ಆಟಗಾರನ ಕೈಯಲ್ಲಿರುತ್ತದೆ. ಅವನು ಮಾರ್ಕರ್. ಅವನು ಬರೆಯುತ್ತಾನೆ, ಕೊನೆಗೆ ಇಬ್ಬರೂ ಸಹಿ ಹಾಕುತ್ತಾರೆ. ಅದರಂತೆ ನಿಮ್ಮ ಚೀಟಿಯನ್ನು ಎದುರು ಕಡೆಯವರ ಕೈಗೆ ಕೊಡಿ. ಅವರು ಗಟ್ಟಿಯಾಗಿ ಓದಿ ಸಹಿ ಹಾಕಬೇಕು, ಅಷ್ಟೇ. ಒಂದು ಮಾತೂ ಜಾಸ್ತಿ ಸೇರಿಸಬಾರದು.

ಒಬ್ಬ ಅಕ್ಕ ಬರೆದದ್ದು ನನ್ನ ಮನಸ್ಸಿನಲ್ಲೇ ಉಳಿದಿದೆ. “ನಾನು ಓಟು ಹಾಕೋ ಕಡೆಯವರು ನಮ್ಮ ಗಲ್ಲಿಯಲ್ಲಿ ಕುಕ್ಕರ್ ಹಂಚಿದರು. ನಾನೂ ತಗೊಂಡೆ.” ಓದಿದವರು ಎದುರು ಪಕ್ಷದ ಒಬ್ಬ ಮಾಮಾ. ಓದಿ ಸಹಿ ಹಾಕಿದರು. ಆಮೇಲೆ ತಮ್ಮ ಚೀಟಿ ವಾಪಸ್ ಇಸಕೊಂಡು ಇನ್ನೊಂದು ಸಾಲು ಬರೆದರು: “ನಮ್ಮವರು ಸೀರೆ ಹಂಚಿದರು.” ಆ ಸಂಜೆ ವಿಮೋಚನಕಾಂಡ 23:8 ಓದಿದೆವು. ಲಂಚ ಕಣ್ಣಿರುವವರನ್ನೂ ಕುರುಡು ಮಾಡುತ್ತದೆ ಅನ್ನುವ ವಚನ. ವಿವರಿಸುವ ಅಗತ್ಯವೇ ಬರಲಿಲ್ಲ.

2024ರ ಲೋಕಸಭೆ ಚುನಾವಣೆ ಹೊತ್ತಿಗೆ ಬೇರೆ ಕಥೆ ಬೇಕಾಯಿತು. ಸೌದಿ ಸರ್ಕಾರದ ನಿಧಿಯ ದುಡ್ಡಿನಿಂದ 2022ರಲ್ಲಿ ಲಿವ್ ಗಾಲ್ಫ್ ಅನ್ನುವ ಹೊಸ ಪಂದ್ಯಾವಳಿ ಶುರುವಾಯಿತು. ಅಲ್ಲಿ ಆಡಲು ಹೋದವರನ್ನು ಅಮೆರಿಕದಲ್ಲಿ ದೊಡ್ಡ ಗಾಲ್ಫ್ ಪಂದ್ಯ ನಡೆಸುವ ಪಿಜಿಎ ಟೂರ್ ಅಮಾನತು ಮಾಡಿತು. ಒಂದೇ ವರ್ಷ. 2023ರ ಜೂನ್ 6ರಂದು ಅದೇ ನಿಧಿಯ ಜೊತೆ ಒಪ್ಪಂದಕ್ಕೆ ಬಂದಿದ್ದೇವೆ ಅಂತ ಪಿಜಿಎ ಟೂರ್ ತಾನೇ ಹೇಳಿತು. ಹೋದವರ ಮೇಲೆ ನಮ್ಮ ಹುಡುಗರಿಗೆ ಸಿಟ್ಟು. ನಿಷ್ಠೆಯಿಂದ ಉಳಿದವರ ಗತಿ ಏನು ಅಂತ ಹಿರಿಯರ ಪ್ರಶ್ನೆ. ಚರ್ಚೆ ಬಿಸಿಯಾಗಿರುವಾಗಲೇ ಕೇಳಿದೆ: 2019ರ ಡಿಸೆಂಬರ್‌ನಲ್ಲಿ ಗೋಕಾಕ, ಅಥಣಿ, ಕಾಗವಾಡದಲ್ಲಿ ಉಪಚುನಾವಣೆ ಯಾಕೆ ಬಂತು? ಪಕ್ಷ ಬಿಟ್ಟು ಹಾರಿದವರಿಗೂ ಅದೇ ತಕ್ಕಡಿ ಹಿಡಿಯಿರಿ. ನೀವು ಮೆಚ್ಚಿದ ನಾಯಕನೇ ಹಾರಿದ್ದರೂ ಹಿಡಿಯಿರಿ.

ಒಂದು ಸಂಜೆ ಕಷ್ಟದ್ದು ಬಂದೇ ಬರುತ್ತದೆ. 2021ರ ಡಿಸೆಂಬರ್ 23ರಂದು ವಿಧಾನಸಭೆಯಲ್ಲಿ ಮತಾಂತರ ತಡೆ ಮಸೂದೆ ಪಾಸಾದದ್ದು ನಮ್ಮೂರಿನ ಸುವರ್ಣ ವಿಧಾನಸೌಧದಲ್ಲೇ. ಕ್ರಿಸ್‌ಮಸ್‌ಗೆ ಎರಡೇ ದಿನ ಇತ್ತು. ನಮಗೆಲ್ಲ ನೋವಾಗಿತ್ತು, ಕೆಲವರಿಗೆ ಹೆದರಿಕೆಯೂ ಆಗಿತ್ತು. ಅದನ್ನು ಮುಚ್ಚಿಡಬೇಡಿ, ಆ ಸಂಜೆ ಚೀಟಿ ಆಟವನ್ನೂ ಬಿಟ್ಟುಬಿಡಿ. ಅಳುವವರು ಅಳಲಿ. ಬಾಬಿಲೋನಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಪತ್ರ ಓದಿ, 29ನೇ ಅಧ್ಯಾಯ 7ನೇ ವಚನ. ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಅನ್ನುತ್ತದೆ ಅದು. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಪರ ಮಾತಾಡುವ ಪಕ್ಷ ಅಂತ ಅದರ ಲಂಚಕ್ಕೆ ಕಣ್ಣು ಮುಚ್ಚಬಾರದು.

ಇನ್ನು ವಾಟ್ಸಾಪ್ ಫಾರ್ವರ್ಡ್ ವಿಷಯ. ಅರ್ಜೆಂಟೀನಾದ ಗಾಲ್ಫ್ ಆಟಗಾರ ರೊಬೆರ್ಟೊ ದೆ ವಿಸೆಂಜೊ 1968ರ ಮಾಸ್ಟರ್ಸ್ ಪಂದ್ಯದಲ್ಲಿ, ಈಸ್ಟರ್ ದಿನ, ತನ್ನ 45ನೇ ಹುಟ್ಟುಹಬ್ಬದಂದು, ಕಾರ್ಡನ್ನು ಸರಿಯಾಗಿ ನೋಡದೆ ಸಹಿ ಹಾಕಿದ. 17ನೇ ಹೋಲಿಗೆ, ಅಂದರೆ ಚೆಂಡು ಹಾಕುವ ಕುಳಿಗೆ, ಅವನು ಹೊಡೆದದ್ದು 3 ಸ್ಟ್ರೋಕ್, ಮಾರ್ಕರ್ 4 ಬರೆದಿದ್ದ. ನಿಯಮದಂತೆ ಬರೆದದ್ದೇ ಉಳಿಯಿತು, ಒಂದು ಸ್ಟ್ರೋಕಿನಿಂದ ಪ್ಲೇಆಫ್ ತಪ್ಪಿತು. ಹಾಗಾಗಿ ನಮ್ಮ ಗುಂಪಿನ ನಿಯಮ ಇಷ್ಟೇ: ಕಳಿಸುವ ಮೆಸೇಜನ್ನು ಪೂರ್ತಿ ಓದಿ, ಕೆಳಗೆ ನಿಮ್ಮ ಹೆಸರು ಟೈಪ್ ಮಾಡಿ. ಹೆಸರು ಹಾಕಲು ಮನಸ್ಸು ಬರದಿದ್ದರೆ ಕಳಿಸಬೇಡಿ. 2018ರಲ್ಲಿ ನಾನು ನೋಯಿಸಿದ ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ಅವನೇ ಗುಂಪಿನ ಅಡ್ಮಿನ್.

ಚಹಾಕ್ಕೆ ಮುಂಚೆ ಪ್ರಾರ್ಥನೆ. ಒಂದನೆಯ ತಿಮೊಥೆ 2ನೇ ಅಧ್ಯಾಯ ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಲು ಹೇಳುತ್ತದೆ. ಎಲ್ಲರಿಗಾಗಿ ಅಂದರೆ ಸುಮ್ನೆ ಒಟ್ಟಾರೆಯಾಗಿ ಅಲ್ಲ, ಹೆಸರು ಹಿಡಿದು. ಬೆಳಗಾವಿ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರಗಳಿವೆ. ಗಾಲ್ಫಿನಲ್ಲೂ 18 ಹೋಲ್. ದಿನಕ್ಕೊಂದು ಕ್ಷೇತ್ರ ಇಟ್ಟುಕೊಂಡೆವು. ಅಲ್ಲಿನ ಶಾಸಕರು ಯಾವ ಪಕ್ಷದವರೇ ಇರಲಿ, ಹೆಸರು ಗಟ್ಟಿಯಾಗಿ ಹೇಳಿ, ಅಲ್ಲಿನ ನೀರು, ಶಾಲೆ, ಕಬ್ಬಿನ ಬಾಕಿ ಹಣಕ್ಕಾಗಿ ಪ್ರಾರ್ಥಿಸುತ್ತೇವೆ. ಶುಕ್ರವಾರ ಕೂಡಿ, ಉಳಿದ ದಿನ ಅವರವರ ಮನೆಯಲ್ಲಿ. ಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ನಿಪ್ಪಾಣಿಯಿಂದ ಶುರುವಾಗಿ ರಾಮದುರ್ಗಕ್ಕೆ ಮುಗಿಯುತ್ತದೆ. ಮರುದಿನ ಮತ್ತೆ ನಿಪ್ಪಾಣಿ.