ಗಿರಾಕಿ ಎದುರಿಗೇ ಬಿಚ್ಚಬೇಕು

ನನ್ನ ಅಂಗಡಿಗೆ ಬರುವ ಮಿಕ್ಸಿಗಳೆಲ್ಲ ತಾವಾಗಿಯೇ ಕೆಟ್ಟಂಥವು. ಯಾರೂ ಏನೂ ಮಾಡಿರುವುದಿಲ್ಲ. "ಸುಮ್ನೆ ಚಟ್ನಿ ರುಬ್ತಾ ಇದ್ದೆ, ನಿಂತೇ ಹೋಯ್ತು" ಎಂದೇ ಮಾತು ಶುರುವಾಗುತ್ತದೆ. ಸಾಗರದ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಮಿಕ್ಸಿ, ಗ್ರೈಂಡರ್, ಫ್ಯಾನ್, ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮಷೀನ್ ರಿಪೇರಿ ಮಾಡುತ್ತಾ ಬಂದವನು ನಾನು. ಈ ಮಾತಿಗೆ ಮೊದಮೊದಲು ಎದುರು ಮಾತಾಡುತ್ತಿದ್ದೆ. ಈಗ "ಹೌದಾ?" ಎಂದು ಮಿಕ್ಸಿಯನ್ನು ಕೌಂಟರಿನ ಮೇಲೆ ಮಗುಚಿ ಹಾಕುತ್ತೇನೆ. ಏನಾಗಿದೆ ಎಂದು ಮಿಕ್ಸಿಯೇ ಹೇಳುತ್ತದೆ.

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಹಲಸಿನಕಾಯಿ ಹಪ್ಪಳದ ಕಾಲ. ಬೇಯಿಸಿದ ತೊಳೆಯನ್ನು ನೀರು ಹಾಕದೆ ಹಿಟ್ಟು ಮಾಡಬೇಕು. ನೀರು ಹಾಕಿದರೆ ಹಪ್ಪಳ ಕೂರುವುದಿಲ್ಲ. ಒರಳಿನಲ್ಲಿ ಕುಟ್ಟುವವರು ಕಡಿಮೆಯಾದರು, ಆ ಗಟ್ಟಿ ಮುದ್ದೆ ಈಗ ಸೀದಾ ಮಿಕ್ಸಿ ಜಾರಿಗೆ ಹೋಗುತ್ತದೆ. ಬ್ಲೇಡ್ ಒಂದು ಸುತ್ತು ತಿರುಗಿ ಸಿಕ್ಕಿಬೀಳುತ್ತದೆ. ಮೋಟಾರು ಮಾತ್ರ ಕೆಳಗಿಂದ ಒತ್ತುತ್ತಲೇ ಇರುತ್ತದೆ. ಎರಡರ ನಡುವೆ ಇರುವುದು ರಬ್ಬರಿನದೋ ಪ್ಲಾಸ್ಟಿಕ್‌ನದೋ ಕಪ್ಲರ್. ಅದರ ಹಲ್ಲು ಸವೆದು ಸುತ್ತ ಪುಡಿ ಉದುರಿರುತ್ತದೆ. "ಕಬ್ಬಿಣದ್ದು ಹಾಕಿಬಿಡಿ, ಮತ್ತೆ ಮತ್ತೆ ಬರೋ ತಾಪತ್ರಯ ಬೇಡ" ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ನಾನು ಹಾಕುವುದಿಲ್ಲ. ಕಪ್ಲರ್ ಮೆತ್ತಗಿರುವುದೇ ಮೊದಲು ತಾನು ಹರಿದು ಮೋಟಾರು ಉಳಿಸಲಿ ಎಂದು. ಅದು ಐವತ್ತು ರೂಪಾಯಿಯ ಒಳಗಿನ ಸಾಮಾನು. ಮೋಟಾರಿನೊಳಗೆ ತಿರುಗುವ ಆರ್ಮೇಚರ್ ಸುಟ್ಟರೆ ಸಾವಿರದ ಮಾತು.

ಕಪ್ಲರ್ ಮನೆಯಲ್ಲೇ ಬದಲಿಸಲು ಹೊರಟವರಿಗೆ ಒಂದು ಮಾತು. ಬಹಳಷ್ಟು ಮಿಕ್ಸಿಗಳಲ್ಲಿ ಅದರ ಥ್ರೆಡ್ ಉಲ್ಟಾ ಇರುತ್ತದೆ. ಓಡುವಾಗ ಬಿಗಿಯಾಗುತ್ತಾ ಹೋಗಲಿ ಎಂದು ಹಾಗೆ ಮಾಡಿರುತ್ತಾರೆ. ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಇಕ್ಕಳ ಹಾಕಿ ಶಕ್ತಿಯೆಲ್ಲ ಬಿಟ್ಟು ಶಾಫ್ಟನ್ನೇ ಸೊಟ್ಟ ಮಾಡಿ ತಂದವರಿದ್ದಾರೆ. ಅವರೂ "ತಾನೇ ಸೊಟ್ಟ ಆಯ್ತು" ಎಂದೇ ಹೇಳಿದ್ದು.

ಮಿಕ್ಸಿ ತರುವವರು ಜಾರನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ವಾಪಸ್ ಕಳಿಸಿದರೆ ಬೇಜಾರಾಗುತ್ತದೆ, ಆದರೂ ಕೇಳುತ್ತೇನೆ, "ಜಾರ್ ತನ್ನಿ ಅಕ್ಕ, ಎಲ್ಲಾ ಜಾರೂ." ಯಾಕೆಂದರೆ ಮೋಟಾರಿನ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಜಾರಿನಿಂದ. ಜಾರನ್ನು ಬೋರಲು ಹಾಕಿ ತಳದ ಕಪ್ಲರನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು, ಅತ್ತಿತ್ತ ಅಲ್ಲಾಡಬಾರದು. ಸುತ್ತ ಕಪ್ಪು ಜಿಡ್ಡು ಕಂಡರೆ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಕೊಳವೆ, ಸವೆದಿದೆ ಎಂದೇ ಲೆಕ್ಕ. ಆ ಸಂದಿನಿಂದ ದೋಸೆ ಹಿಟ್ಟಿನ ನೀರು ಹನಿಹನಿಯಾಗಿ ಕೆಳಗಿಳಿಯುತ್ತದೆ, ಮಿಕ್ಸಿಯ ಬಟ್ಟಲಲ್ಲಿ ನಿಲ್ಲುತ್ತದೆ, ಶಾಫ್ಟಿನ ಗುಂಟ ಒಳಗೆ ಹೋಗುತ್ತದೆ. ಬುಷ್ ಹಾಕಿಸಿಕೊಳ್ಳದೆ ಬರೀ ಮೋಟಾರು ರಿಪೇರಿ ಮಾಡಿಸಿಕೊಂಡು ಹೋದವರು ಮತ್ತೆ ಬರುತ್ತಾರೆ. ಬಂದಾಗ ಬೈಗುಳ ನನಗೆ.

ಆಮೇಲೆ ವಾಸನೆ. ಮಗುಚಿದ ಮಿಕ್ಸಿಯ ಗಾಳಿ ತೂತಿಗೆ ಮೂಗು ಇಟ್ಟರೆ ಅರ್ಧ ಗೊತ್ತಾಗುತ್ತದೆ. ಸುಟ್ಟ ವಾರ್ನಿಶ್ ವಾಸನೆ ಇದ್ದರೆ ವೈಂಡಿಂಗ್, ಅಂದರೆ ಮೋಟಾರಿನ ತಂತಿ ಸುತ್ತು, ಹೋಗಿದೆ. ವಾಸನೆ ಇಲ್ಲ, ಬೆಂಕಿ ಕಿಡಿ ಜಾಸ್ತಿ ಬರುತ್ತಿತ್ತು ಎಂದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಸವೆದಿರಬೇಕು. ಏನೂ ಇಲ್ಲದೆ ಸುಮ್ಮನೆ ಸತ್ತಿದ್ದರೆ ತಳದ ಕೆಂಪು ಬಟನ್ ನೋಡಬೇಕು. ಲೋಡ್ ಜಾಸ್ತಿಯಾದಾಗ ಕರೆಂಟ್ ಕಡಿಯಲೆಂದು ಇಟ್ಟ ಓವರ್‌ಲೋಡ್ ಸ್ವಿಚ್ ಅದು. ಸ್ವಲ್ಪ ಆರಲು ಬಿಟ್ಟು ಒತ್ತಿದರೆ ಮಿಕ್ಸಿ ಮತ್ತೆ ಓಡುತ್ತದೆ.

ಈ ಕೆಂಪು ಬಟನ್‌ಗೆ ಎಷ್ಟು ದುಡ್ಡು ತೆಗೆದುಕೊಳ್ಳಬೇಕು ಎನ್ನುವುದು ನಮ್ಮ ಕಸುಬಿನವರ ನಡುವೆ ಮುಗಿಯದ ಜಗಳ. ಕೆಲವರು ಮಿಕ್ಸಿಯನ್ನು ಒಳಗೆ ಇಟ್ಟುಕೊಂಡು "ಸಂಜೆ ಬನ್ನಿ" ಎಂದು ಇನ್ನೂರು ಬರೆಯುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ನಾನು ಅವರಿಂದಲೇ ಬಟನ್ ಒತ್ತಿಸುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಧರ್ಮಕ್ಕೆ ಅಂತ ಅಲ್ಲ. ಆ ಮನೆಯ ಗ್ರೈಂಡರ್, ಫ್ಯಾನ್, ಅವರ ಅಕ್ಕನ ಮನೆಯ ವಾಷಿಂಗ್ ಮಷೀನ್ ಎಲ್ಲಾ ಆಮೇಲೆ ನನ್ನಲ್ಲಿಗೇ ಬರುತ್ತವೆ. ಬಿಚ್ಚಿ ನೋಡಬೇಕಾದ ಸಾಮಾನಿಗೆ ಮಾತ್ರ ನೋಡುವ ಚಾರ್ಜ್ ಇದೆ. ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲಿ ವಜಾ. ಇದನ್ನು ಬಿಚ್ಚುವ ಮೊದಲೇ ಹೇಳುತ್ತೇನೆ, ಬೋರ್ಡಲ್ಲೂ ಬರೆಸಿದ್ದೇನೆ. ಬೋರ್ಡ್ ಯಾರೂ ಓದುವುದಿಲ್ಲ ಬಿಡಿ.

ಗಿರಾಕಿಗೆ ನಮ್ಮ ಮೇಲೆ ಅನುಮಾನ ಇರುವುದು ತಪ್ಪಲ್ಲ. ಒಳಗೆ ಏನಿದೆ ಎಂದು ಅವರಿಗೆ ಕಾಣುವುದಿಲ್ಲ, ನಾವು ಹೇಳಿದ್ದೇ ಸೈ. ಹಾಗಾಗಿ ಬಿಚ್ಚುವುದಿದ್ದರೆ ಅವರ ಎದುರಿಗೇ ಬಿಚ್ಚುತ್ತೇನೆ. ಇದಕ್ಕೆ ನನ್ನ ಹತ್ತಿರ ಇರುವ ದೊಡ್ಡ ಸಾಧನ ಸೀರೀಸ್ ಬೋರ್ಡ್. ಒಂದು 100 ವಾಟಿನ ತಂತಿ ಬಲ್ಬು, ಅದರ ಜೊತೆ ಸಾಲಿನಲ್ಲಿ ಒಂದು ಸಾಕೆಟ್, ಮುಟ್ಟಿಸಿ ನೋಡಲು ಎರಡು ಪ್ರಾಡ್, ಅಂದರೆ ಹಿಡಿ ಇರುವ ತಂತಿ ತುದಿ. ಮಲ್ಟಿಮೀಟರ್ ಇದೆ, ಅದರ ಅಂಕಿ ನನಗೆ ಅರ್ಥವಾಗುತ್ತದೆ, ಗಿರಾಕಿಗೆ ಆಗುವುದಿಲ್ಲ. ಬಲ್ಬು ಎಲ್ಲರಿಗೂ ಅರ್ಥವಾಗುತ್ತದೆ. "ನೋಡಿ, ಒಂದು ತುದಿ ಪ್ಲಗ್ಗಿನ ಪಿನ್ನಿಗೆ, ಇನ್ನೊಂದು ತುದಿ ಬರೀ ಬಾಡಿಗೆ ಇಟ್ಟಿದ್ದೇನೆ. ಬಲ್ಬು ಹತ್ತಬಾರದು. ಹತ್ತಿತು ಅಲ್ವಾ? ನಿಮಗೆ ಶಾಕ್ ಹೊಡೆದಿದ್ದು ಇದೇ." ಅಷ್ಟು ಹೇಳಿದರೆ ಮುಗಿಯಿತು, ಚೌಕಾಶಿಯೂ ಅರ್ಧ ಕಡಿಮೆ.

ಹೊಸದಾಗಿ ಈ ಕೆಲಸ ಕಲಿಯುವ ಹುಡುಗರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಇಸ್ತ್ರಿ ಪೆಟ್ಟಿಗೆ, ಗೀಸರ್ ಕಾಯಿಲ್ ಇಂಥವನ್ನು ಸೀರೀಸಿನಲ್ಲಿ ಹಾಕಿದರೆ ಮಾಲು ಚೆನ್ನಾಗಿದ್ದರೂ ಬಲ್ಬು ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ. ಶಾರ್ಟ್ ಆಗಿದೆ ಅಂದುಕೊಳ್ಳಬೇಡಿ. 1000 ವಾಟಿನ ಇಸ್ತ್ರಿಯ ಕಾಯಿಲ್ 53 ಓಮ್ ಆಸುಪಾಸು ಇರಬೇಕು, 2000 ವಾಟಿನ ಗೀಸರಿನದು 26 ಓಮ್. ಅಲ್ಲಿ ಮೀಟರೇ ಬೇಕು. ಮಳೆಗಾಲದ ಥಂಡಿಗೆ ಸ್ವಲ್ಪ ಸ್ವಲ್ಪ ಲೀಕಾಗುವ ಮೋಟಾರನ್ನೂ ಬಲ್ಬು ಹಿಡಿಯುವುದಿಲ್ಲ, ಅದಕ್ಕೆ ಅಂಥ ಸಣ್ಣ ಲೀಕನ್ನೂ ಅಳೆಯುವ ಮೆಗ್ಗರ್ ಬೇಕು. ಇನ್ನೊಂದು ಕಷ್ಟ, ತಂತಿ ಬಲ್ಬು ಈಗ ಸುಲಭಕ್ಕೆ ಸಿಗುವುದಿಲ್ಲ. ಎಲ್‌ಇಡಿ ಈ ಕೆಲಸಕ್ಕೆ ಬರುವುದಿಲ್ಲ. ಕಂಡಲ್ಲಿ ನಾಲ್ಕೈದು ತಂದು ಇಟ್ಟುಕೊಳ್ಳುತ್ತೇನೆ. ಜುಲೈ, ಆಗಸ್ಟಿನಲ್ಲಿ ಥಂಡಿ ಹಿಡಿದ ಮೋಟಾರುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಅದೇ ಬಲ್ಬು ಹಚ್ಚಿ ರಾತ್ರಿಯಿಡೀ ಒಣಗಿಸುತ್ತೇನೆ. ಎಷ್ಟೋ ಗ್ರೈಂಡರುಗಳು ಬೆಳಿಗ್ಗೆ ಬೇರೇನೂ ರಿಪೇರಿ ಇಲ್ಲದೆ ಮನೆಗೆ ಹೋಗಿವೆ.

ಬದಲಿಸಿದ ಹಳೇ ಸಾಮಾನನ್ನು ಒಂದು ಕವರಿಗೆ ಹಾಕಿ ಕೊಟ್ಟುಬಿಡುತ್ತೇನೆ. "ಇದೆಂತಕ್ಕೆ ನಮಗೆ?" ಎಂದು ಅಲ್ಲೇ ಬಿಟ್ಟು ಹೋಗುತ್ತಾರೆ. ಆದರೆ ಕೊಡುವುದು ಕೊಡಬೇಕು. ಕಾರ್ಬನ್ ಹಾಕಿದರೆ ಹೊಸದನ್ನೂ ಹಳೇದನ್ನೂ ಪಕ್ಕಪಕ್ಕ ಇಡುತ್ತೇನೆ. ಒಂದು ಬೆರಳ ಗೆಣ್ಣಿನಷ್ಟು ಉದ್ದ, ಇನ್ನೊಂದು ಬೇಳೆಯಷ್ಟು ಉಳಿದದ್ದು. ಬಿಲ್ಲಿಗೆ ಬೇರೆ ಸಾಕ್ಷಿ ಬೇಡ.

ಈಗ ಮಲೆನಾಡಿನ ಅರ್ಧ ಮನೆಗಳಲ್ಲಿ ವಯಸ್ಸಾದವರೇ ಇರುವುದು. ಮಕ್ಕಳು ಬೆಂಗಳೂರಲ್ಲಿ. ಹಾಗಾಗಿ ನನ್ನ ಗಿರಾಕಿ ಎರಡು ಕಡೆ ಇರುತ್ತಾರೆ. ಮಿಕ್ಸಿ ಹೊತ್ತು ತರುವವರು ಭಟ್ಟರು, ಚೌಕಾಶಿ ಮಾಡುವವರು ಬೆಂಗಳೂರಿನ ಮಗ. ಭಟ್ಟರು "ನೀವು ಹೇಳಿದ್ದು ಕೊಡೋಣ ಮಾರಾಯ್ರೆ, ಮಗನ ಹತ್ರ ಒಂದ್ ಮಾತಾಡಿ" ಎಂದು ಫೋನ್ ಕೊಡುತ್ತಾರೆ. ಮಗ ಆಗಲೇ ಆನ್‌ಲೈನಿನಲ್ಲಿ ರೇಟು ನೋಡಿಕೊಂಡಿರುತ್ತಾನೆ. "ಅಂಕಲ್, ಅದು ಇಲ್ಲಿ ಎಂಬತ್ತು ರೂಪಾಯಿ ತೋರಿಸ್ತಿದೆ, ನೀವು ನೂರೈವತ್ತು ಹೇಳ್ತಿದ್ದೀರಲ್ಲ?" ನಾನು ಜಗಳಕ್ಕೆ ಹೋಗುವುದಿಲ್ಲ. ತರಿಸಿ ಕೊಡಿ, ಕೂಲಿ ಇಷ್ಟು, ಹಾಕಿ ಕೊಡುತ್ತೇನೆ. ಸೈಜು ಸರಿ ಬರದಿದ್ದರೆ, ಬೇಗ ಹೋದರೆ ಜವಾಬ್ದಾರಿ ನಿಮ್ಮದು. ನಾನು ಹಾಕಿದ ಸಾಮಾನಿಗೆ ಮೂರು ತಿಂಗಳು ನಾನು ಜವಾಬ್ದಾರಿ. ಹೆಚ್ಚಿನವರು ಇದನ್ನು ಕೇಳಿ "ನೀವೇ ಹಾಕಿ" ಎನ್ನುತ್ತಾರೆ. ತರಿಸಿ ಕೊಟ್ಟವರೂ ಇದ್ದಾರೆ, ಅವರದ್ದು ಹಾಕಿಯೂ ಕೊಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಮಿಕ್ಸಿ ಓಡುವ ಒಂದು ಸಣ್ಣ ವಿಡಿಯೋ ಮಗನಿಗೆ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ದುಡ್ಡು ಆ ಕಡೆಯಿಂದ ಯುಪಿಐನಲ್ಲಿ ಬರುತ್ತದೆ. ಈ ವಿಡಿಯೋ ಶುರು ಮಾಡಿದ ಮೇಲೆ ಫೋನಿನ ರಗಳೆ ಬಹಳ ಕಮ್ಮಿ ಆಗಿದೆ.

ಸಾಮಾನು ನೋಡದೆ ಫೋನಿನಲ್ಲೇ "ಎಷ್ಟಾಗ್ತದೆ?" ಎಂದು ಕೇಳುವವರಿಗೆ ಒಂದು ಅಂಕಿ ಹೇಳಬಾರದು. ಎರಡು ಹೇಳಬೇಕು. ಕಮ್ಮಿ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು, ಅದರ ಮೇಲೆ ಹೋಗುವುದಾದರೆ ಫೋನ್ ಮಾಡಿ ಕೇಳಿಯೇ ಮುಟ್ಟುವುದು. ಅವರ ಕಿವಿಗೆ ಬೀಳುವುದು ಕಮ್ಮಿ ಅಂಕಿ ಒಂದೇ ಎನ್ನುವುದು ಬೇರೆ ಮಾತು. ಅದಕ್ಕೇ ಅದನ್ನು ಮೆಸೇಜಿನಲ್ಲೂ ಹಾಕುತ್ತೇನೆ.

ಮಳೆಗಾಲದಲ್ಲಿ ಒಮ್ಮೆ ಮರ ಬಿದ್ದು ಒಂದು ಕೇರಿಯ ಲೈನಿನಲ್ಲಿ ನ್ಯೂಟ್ರಲ್ ಕಡಿಯಿತು. ಇದು ಹೇಗೆ ಎಂದು ತಿಳಿದುಕೊಂಡರೆ ಒಳ್ಳೆಯದು. ಕಂಬದಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಸಿನ ನಡುವೆ 400. ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸಿನ ಮನೆಗಳು ಒಂದರ ಬೆನ್ನಿಗೊಂದು ಸೇರಿಕೊಂಡು ಆ 400 ಅನ್ನು ಹಂಚಿಕೊಳ್ಳುತ್ತವೆ. ಕಡಿಮೆ ಕರೆಂಟ್ ಬಳಸುತ್ತಿದ್ದ ಮನೆಗೆ ಜಾಸ್ತಿ ವೋಲ್ಟೇಜು. ಅಂದರೆ ಒಂದು ಟಿವಿ, ಎರಡು ಬಲ್ಬು ಹಾಕಿಕೊಂಡು ಕೂತವರದ್ದೇ ಸುಡುವುದು. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸು, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನಿನ ಸರ್ಕ್ಯೂಟ್ ಬೋರ್ಡು, ಫ್ರಿಜ್ಜಿನ ಸ್ಟೆಬಿಲೈಜರು ಹಿಡಿದು ಜನ ನಿಂತಿದ್ದರು.

ಅವತ್ತು ಯಾರದ್ದು ಮೊದಲು ಎನ್ನುವುದೇ ದೊಡ್ಡ ಪ್ರಶ್ನೆ. "ಇನ್ಸುಲಿನ್ ಇಟ್ಟ ಫ್ರಿಜ್ ಯಾರ ಮನೆಯದ್ದು?" ಎಂದು ಕೇಳಿದೆ. ಅದು ಮೊದಲು. ಉಳಿದವರಿಗೆ ಚೀಟಿ. ಯಾರೂ ಗಲಾಟೆ ಮಾಡಲಿಲ್ಲ. ಬೋರ್ಡುಗಳಲ್ಲಿ ಬಹಳಷ್ಟು ಒಂದೇ ಕಾಯಿಲೆ. ಕರೆಂಟ್ ಒಳಬರುವ ಜಾಗದಲ್ಲಿ ನೀಲಿ ಬಣ್ಣದ ಒಂದು ಬಿಲ್ಲೆ ಇರುತ್ತದೆ, ಎಂಒವಿ ಎಂದು ಕರೆಯುತ್ತೇವೆ. ವೋಲ್ಟೇಜ್ ವಿಪರೀತ ಏರಿದರೆ ಅದು ತಾನು ಒಡೆದು ಫ್ಯೂಸನ್ನು ಹಾರಿಸುತ್ತದೆ. ಮುಂದಿನ ಭಾಗ ಉಳಿದಿದ್ದರೆ ಬಿಲ್ಲೆ, ಫ್ಯೂಸು ಎರಡನ್ನೂ ಬದಲಿಸಿದರೆ ಸಾಕು. ಬರೀ ಫ್ಯೂಸ್ ಹಾಕಿ, ಒಡೆದ ಬಿಲ್ಲೆಯನ್ನು ಕಿತ್ತೆಸೆದು ಕೊಡುವವರೂ ಇದ್ದಾರೆ. ಓಡುತ್ತದೇನೋ ನಿಜ. ಮುಂದಿನ ಸಲ ಸುಡುವುದು ಇಡೀ ಬೋರ್ಡು. ಸಾಮಾನಿನ ಬೆಲೆ ಐವತ್ತು ದಾಟುವುದಿಲ್ಲ. ಅದೇ ಬೋರ್ಡನ್ನು ಒಂದು ಕಂಪನಿಯ ಸರ್ವಿಸಿನವರು "ಪೂರ್ತಿ ಹೊಸದೇ ಆಗಬೇಕು" ಎಂದು ಎರಡೂವರೆ ಸಾವಿರ ಹೇಳಿದ್ದರಂತೆ. ಅವರ ಹುಡುಗನಿಗೆ ಬೋರ್ಡ್ ಬದಲಿಸಲಷ್ಟೇ ಕಲಿಸಿರುತ್ತಾರೆ, ಅವನನ್ನು ಬೈದು ಪ್ರಯೋಜನವಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಎಂದು ಒಂದು ಪೋರ್ಟಲ್ ಮಾಡಿತು. ಒಳ್ಳೆಯದೇ. ಆದರೆ ನನ್ನ ಕೌಂಟರಿಗೆ ಬರುವ ಬೋರ್ಡಿನ ಸರ್ಕ್ಯೂಟ್ ನಕ್ಷೆ ಮಾತ್ರ ಇನ್ನೂ ನನಗೆ ಸಿಗುವುದಿಲ್ಲ. ಅದೇ ಥರದ ಇನ್ನೊಂದು ಬೋರ್ಡು ಇಟ್ಟುಕೊಂಡು ಹೋಲಿಸಿ ನೋಡುವುದು.

ನಾನು ಮುಟ್ಟದ ಕೆಲಸವೂ ಇದೆ. ಮೈಕ್ರೋವೇವ್ ಮುಟ್ಟುವುದಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಫ್ರಿಜ್ಜಿನಲ್ಲಿ ಕಂಪ್ರೆಸರ್ ಶುರು ಮಾಡಿಸುವ ರಿಲೇ, ಥಂಡಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಮಾಡುತ್ತೇನೆ, ಗ್ಯಾಸಿನ ಕೆಲಸ ಇಲ್ಲ. ಹೊಸ ಫ್ರಿಜ್‌ಗಳಲ್ಲಿ ಹೆಚ್ಚಿನವು ಆರ್600ಎ, ಬೆಂಕಿ ಹತ್ತುವ ಗ್ಯಾಸು. ಅದಕ್ಕೆ ಬೇರೆ ಸಲಕರಣೆ ಬೇಕು, ಬೇರೆ ಕೈ ಬೇಕು. ಒಂದು ಮಾತು ಮಾತ್ರ ಎಲ್ಲರಿಗೂ ಹೇಳಿ ಕಳಿಸುತ್ತೇನೆ. ಫ್ರಿಜ್ಜಿನ ಗ್ಯಾಸು ಬಳಸಿ ಬಳಸಿ ಖಾಲಿಯಾಗುವುದಲ್ಲ. ಕಮ್ಮಿಯಾಗಿದೆ ಎಂದರೆ ಎಲ್ಲೋ ಲೀಕಿದೆ. ಲೀಕ್ ತೋರಿಸದೆ ಬರೀ ಗ್ಯಾಸ್ ತುಂಬಿಸಿ ದುಡ್ಡು ಕೇಳಿದರೆ ಕೊಡಬೇಡಿ.

ರಿಪೇರಿಗೆ ಹೊಸದರ ಅರ್ಧಕ್ಕಿಂತ ಜಾಸ್ತಿ ಖರ್ಚು ಬರುವಂತಿದ್ದರೆ ಬೇಡ ಎನ್ನುತ್ತೇನೆ. ಅಗ್ಗದ ಮಿಕ್ಸಿಗಳಲ್ಲಿ ವೈಂಡಿಂಗ್ ಅಲ್ಯೂಮಿನಿಯಮ್ಮಿನದು. ತಂತಿಯ ಬಣ್ಣ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಸುಟ್ಟರೆ ಅಲ್ಲಿಗೆ ಮುಗಿಯಿತು. ಆದರೆ ಇಲ್ಲೂ ಜನ ಲೆಕ್ಕ ಹಾಕುವುದು ಬೇರೆ ಥರ. ಮದುವೆಗೆ ತವರಿನಿಂದ ಕೊಟ್ಟ ಗ್ರೈಂಡರ್ ಎಂದರೆ ಅರ್ಧ, ಮುಕ್ಕಾಲು ಲೆಕ್ಕ ನಡೆಯುವುದಿಲ್ಲ. "ಎಷ್ಟಾದ್ರೂ ಆಗ್ಲಿ, ಓಡೋ ಹಾಗೆ ಮಾಡಿಕೊಡಿ" ಎನ್ನುತ್ತಾರೆ. ತಾಮ್ರದ ವೈಂಡಿಂಗ್, ಹೊಸ ಬೇರಿಂಗ್, ಬೆಲ್ಟ್ ಹಾಕಿ ಕೊಟ್ಟಿದ್ದೇನೆ. ಅಂಥ ಕೆಲಸದಲ್ಲಿ ಲಾಭ ನೋಡಲು ನನಗೂ ಮನಸ್ಸು ಬರುವುದಿಲ್ಲ.

ಕೊನೆಯ ತಲೆನೋವು, ರಿಪೇರಿ ಆದ ಮೇಲೂ ತೆಗೆದುಕೊಂಡು ಹೋಗದವರು. ಸಾಮಾನಿಗೆ ದುಡ್ಡು ಹಾಕಿರುವವನು ನಾನು. ಅಟ್ಟದ ಮೇಲೆ ಜಾಗ ಹೋಗುವುದೂ ನನ್ನದೇ. ಫೋನ್ ಮಾಡಿದರೆ "ನಾಳೆ ಬರ್ತೇವೆ". ಆ ನಾಳೆ ದೀಪಾವಳಿ ದಾಟುತ್ತದೆ. ಕೆಲವರು ಅಷ್ಟರಲ್ಲಿ ಹೊಸ ಮಿಕ್ಸಿ ಕೊಂಡಿರುತ್ತಾರೆ, ಹೇಳಲು ಸಂಕೋಚ. ಈಗ ಐನೂರು ದಾಟುವ ಕೆಲಸಕ್ಕೆ ಮೂರರಲ್ಲೊಂದು ಪಾಲು ಮುಂಗಡ ಕೇಳುತ್ತೇನೆ. ಚೀಟಿಯಲ್ಲಿ ತಾರೀಖು, ಒಪ್ಪಿದ ಮೊತ್ತ, ಬಂದ ಜಾರುಗಳ ಲೆಕ್ಕ, ಮುಚ್ಚಳ ಇದೆಯೋ ಇಲ್ಲವೋ ಎಲ್ಲ ಬರೆದು ಒಂದು ಪ್ರತಿ ಅವರಿಗೆ. ಮುಚ್ಚಳದ ವಿಷಯ ಮರೆಯಬಾರದು. ಮನೆಯಲ್ಲೇ ಉಳಿದ ಮುಚ್ಚಳವನ್ನು ಅಂಗಡಿಯಲ್ಲಿ ಹುಡುಕಿಸುವವರು ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ.