ಕದನ ವಿರಾಮ ಹತ್ತಿರವಿದೆಯೇ? ನಿರ್ಬಂಧದ ಸುದ್ದಿಯನ್ನು ತೂಗಿ ನೋಡುವ ಬಗೆ

ಶಿವಮೊಗ್ಗದ ಕಾಲೇಜಿನ ಚರ್ಚಾಕೂಟದಲ್ಲೋ ಸಾಗರ, ತೀರ್ಥಹಳ್ಳಿ ಕಡೆಯ ಊರ ಗ್ರಂಥಾಲಯದಲ್ಲೋ ಯುದ್ಧ ನಿಲ್ಲಿಸಲೆಂದು ದೇಶಗಳ ವ್ಯಾಪಾರ, ಹಣಕಾಸಿಗೆ ತಡೆ ಹಾಕುವ ನಿರ್ಬಂಧದ ವಿಷಯ ಎತ್ತಿಕೊಂಡರೆ, ‘ನಿರ್ಬಂಧ ಸರಿಯೋ ತಪ್ಪೋ’ ಎಂದು ಶುರುಮಾಡಬೇಡಿ. ಮಾತು ಅಲ್ಲೇ ಸಿಕ್ಕಿಬೀಳುತ್ತದೆ. ಹಾಳೆಯ ಮೇಲೆ ಮೊದಲು ಬರೆಯಬೇಕಾದ ಪ್ರಶ್ನೆ ಒಂದೇ: ಯುದ್ಧ ಮಾಡುವವರಿಗೆ ಮುಂಗಡ ಕೊಡುತ್ತಿರುವವರು ಯಾರು?

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಯ್ಲಿಗೆ ಮೊದಲೇ ಮಂಡಿಯಿಂದ ದುಡ್ಡು ತಂದವರು ಮಂಡಿಯವರ ಮಾತು ಮೀರುವುದು ಕಷ್ಟ. ದೇಶಗಳದ್ದೂ ಅದೇ ಕತೆ. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಬ್ರಿಟನ್ ಈಜಿಪ್ಟಿನ ಮೇಲೆ ಬಿದ್ದಾಗ ಪೌಂಡ್ ಕುಸಿಯತೊಡಗಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ನೆರವಿಗೆ ಅಮೆರಿಕ ಅಡ್ಡ ನಿಂತಿತು. ನವೆಂಬರ್ 5ರಂದು ಬ್ರಿಟನ್ನಿನ ಪ್ಯಾರಾಟ್ರೂಪರ್‌ಗಳು ಇಳಿದರು, 6ರಂದೇ ಬ್ರಿಟನ್ ಕದನ ವಿರಾಮಕ್ಕೆ ಒಪ್ಪಿತು. ಕೈ ಹಿಡಿದು ನಿಲ್ಲಿಸಿದ್ದು ಶತ್ರುವಲ್ಲ, ಆಪ್ತಮಿತ್ರ.

ಮುಂದೆ ನಿರ್ಬಂಧದಲ್ಲಿ ಸೋರಿಕೆ ಹುಡುಕಿ. ಗದ್ದೆಯಂಚು ಎಷ್ಟೇ ಎತ್ತರವಿರಲಿ, ಒಂದು ಏಡಿಬಿಲ ಸಾಕು, ಬೆಳಗಾಗುವಷ್ಟರಲ್ಲಿ ನೀರು ಕೆಳಗಿನ ಗದ್ದೆಗೆ ಇಳಿದಿರುತ್ತದೆ. ಪಶ್ಚಿಮ ಆಫ್ರಿಕಾದ ಲೈಬೀರಿಯದ ವಜ್ರಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತಡೆ ಹಾಕಿದ್ದು 2001ರಲ್ಲಿ. ಕಾಡಿನ ನಾಟಾ (ಮರದ ದಿಮ್ಮಿ) ಮಾತ್ರ ಹಡಗೇರುತ್ತಲೇ ಇತ್ತು, ಆ ದುಡ್ಡು ಬಂದೂಕಿಗೆ ಹೋಗುತ್ತಿತ್ತು. ನಾಟಾದ ಮೇಲಿನ ನಿಷೇಧ ಜಾರಿಯಾದದ್ದು 2003ರ ಜುಲೈ 7ಕ್ಕೆ. ಆಗಸ್ಟ್ 11ರಂದು ಅಧ್ಯಕ್ಷ ಚಾರ್ಲ್ಸ್ ಟೇಲರ್ ಅಧಿಕಾರ ಬಿಟ್ಟರು, 18ರಂದು ಘಾನಾದ ಅಕ್ರಾದಲ್ಲಿ ಶಾಂತಿ ಒಪ್ಪಂದವಾಯಿತು. ಹಾಗೆಂದು ಯಶಸ್ಸನ್ನೆಲ್ಲ ನಿಷೇಧದ ಲೆಕ್ಕಕ್ಕೆ ಬರೆದರೆ ತಪ್ಪು: ಬಂಡುಕೋರರು ಆಗಲೇ ರಾಜಧಾನಿ ಮನ್ರೋವಿಯ ಮುತ್ತಿದ್ದರು, ಜೂನ್ 17ರ ಕದನ ವಿರಾಮ ಮುರಿದುಬಿದ್ದಿತ್ತು. ನಿರ್ಬಂಧದ ಜೊತೆಗೆ ರಣರಂಗದಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ಹಾಳೆಯಲ್ಲಿ ಪ್ರತ್ಯೇಕ ಸಾಲು ಬಿಡಿ.

ನಿರ್ಬಂಧ ಹೇರುವ ಭದ್ರತಾ ಮಂಡಳಿಯ ನಿರ್ಣಯದ ಪಠ್ಯವನ್ನೇ ಓದಿ, ತಲೆಬರಹ ನಂಬಬೇಡಿ. ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿ ಸೈನ್ಯ ಬಳಸದ ಕ್ರಮಗಳದ್ದು. ನಿರ್ಣಯಕ್ಕೆ ಮಂಡಳಿಯ 15 ಸದಸ್ಯರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರು ವೀಟೊ (ತಡೆಮತ) ಹಾಕಿದರೂ ಬಿದ್ದುಹೋಗುತ್ತದೆ. ಏನು ಮಾಡಿದರೆ ನಿರ್ಬಂಧ ಸಡಿಲವಾಗುತ್ತದೆ ಎಂಬುದು ಸ್ಪಷ್ಟವಾಗಿದೆಯೇ ನೋಡಿ. ಬಾಗಿಲೇ ಕಾಣದವರು ಹೊರಗೆ ಬರುವುದಾದರೂ ಹೇಗೆ? ಬೋಸ್ನಿಯದ ಯುದ್ಧದ ವಿಚಾರದಲ್ಲಿ ಸರ್ಬಿಯದ ಕಡೆಯವರಿಗೆ ಆ ಬಾಗಿಲು ಕಾಣಿಸಿತ್ತು: 1995ರ ನವೆಂಬರ್ 21ರಂದು ಅಮೆರಿಕದ ಡೇಟನ್‌ನಲ್ಲಿ ಶಾಂತಿ ಒಪ್ಪಂದ, ಮರುದಿನವೇ ನಿರ್ಬಂಧ ಅಮಾನತು. ಅದಕ್ಕೆ ಮುಂಚೆ ಪಶ್ಚಿಮದ ಸೇನಾ ಕೂಟ ನ್ಯಾಟೊದ ಬಾಂಬ್ ದಾಳಿಯೂ ನಡೆದಿತ್ತು.

ದಿನಾಂಕಗಳನ್ನು ಎದುರುಬದುರು ಬರೆದರೆ ಅವಸರ ತಾನೇ ಇಳಿಯುತ್ತದೆ. ಇರಾನ್–ಇರಾಕ್ ಯುದ್ಧ ನಿಲ್ಲಿಸಲು ಮಂಡಳಿಯ ನಿರ್ಣಯ 598 ಬಂದದ್ದು 1987ರ ಜುಲೈ 20ಕ್ಕೆ, ಗುಂಡು ನಿಂತದ್ದು 1988ರ ಆಗಸ್ಟ್ 20ಕ್ಕೆ. ಹದಿಮೂರು ತಿಂಗಳು.

ಹಾಳೆಯ ಕೊನೆಯ ಸಾಲನ್ನು ಖಾಲಿ ಬಿಡಲೇಬೇಡಿ: ಪೆಟ್ಟು ಯಾರಿಗೆ ಬೀಳುತ್ತಿದೆ? ಇರಾಕಿನ ಮೇಲೆ 1990ರ ಆಗಸ್ಟ್‌ನಲ್ಲಿ ಹೇರಿದ ನಿರ್ಬಂಧದಿಂದ ಅಲ್ಲಿನ ಅಧ್ಯಕ್ಷ ಸದ್ದಾಂ ತಾನು ಆಕ್ರಮಿಸಿದ್ದ ಕುವೈತ್ ಬಿಡಲಿಲ್ಲ. ಅನ್ನ, ಔಷಧಿಗೆ ಪರದಾಡಿದ್ದು ಜನ. ಆಹಾರಕ್ಕಾಗಿ ತೈಲ ಮಾರಲು ಮಂಡಳಿ ದಾರಿ ಮಾಡಿದ್ದು 1995ರಲ್ಲಿ, ಎಣ್ಣೆ ಹರಿದದ್ದು 1996ರ ಡಿಸೆಂಬರ್‌ನಲ್ಲಿ.